ಮಗ ವೇಷ ಕಟ್ಟಿ ಹೊರಟಿದ್ದಾನೆ, ಯಜಮಾನರೇ!

ಯಲಹಂಕದ ಹಳೇ ಪೇಟೆಯಲ್ಲಿ ಒಂದು ದಿನಸಿ ಅಂಗಡಿ. ಅಕ್ಕಿ ಮೂಟೆ ಇಳಿಸೋ ಹೊತ್ತಿಗೆ ಸರಿಯಾಗಿ ಪಿಯುಸಿ ಓದೋ ಮಗ ಬಂದು ಗಲ್ಲಾಪೆಟ್ಟಿಗೆ ಪಕ್ಕ ನಿಂತ.

"ಅಪ್ಪಾ, ದುಡ್ಡು ಬೇಕಿತ್ತು."

"ಯಾಕೋ?"

"ಕಾಮಿಕ್ ಕಾನ್ ಟಿಕೆಟ್‌ಗೆ. ವೈಟ್‌ಫೀಲ್ಡಲ್ಲಿ ಆಗುತ್ತೆ. ನಾವು ನಾಲ್ಕು ಜನ ವೇಷ ಹಾಕ್ಕೊಂಡು ಹೋಗ್ತೀವಿ."

ಯಜಮಾನರು ಬಿಲ್ ಪುಸ್ತಕ ಕೆಳಗಿಟ್ಟರು. "ವೇಷಾನಾ? ಓದೋದು ಬಿಟ್ಟು ವೇಷ ಹಾಕ್ಕೊಂಡು ಊರು ಸುತ್ತೋಕೆ ನಾನು ದುಡ್ಡು ಕೊಡ್ಬೇಕಾ?" ಮೂಟೆ ಹೊರುತ್ತಿದ್ದ ಹಮಾಲಿ ಕೂಡ ನಕ್ಕ. ಹುಡುಗ ಮುಖ ಸಣ್ಣದು ಮಾಡ್ಕೊಂಡು ಒಳಗೆ ಹೋದ.

ಇಂಥ ಮಾತುಕತೆ ಯಲಹಂಕದಲ್ಲಷ್ಟೇ ಅಲ್ಲ, ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರ ಎಲ್ಲ ಕಡೆ ನಡೆಯೋದೇ. ಅದು ಏನು ಅಂತ ಅಪ್ಪನಿಗೆ ಗೊತ್ತಿಲ್ಲ. ಅಂಥ ಜನಜಂಗುಳಿಗೆ ಹೇಗೆ ಹೋಗಿ ಹೇಗೆ ಬರಬೇಕು ಅಂತ ಮಗನಿಗೆ ಗೊತ್ತಿಲ್ಲ. ಇಬ್ಬರೂ ಅರ್ಧ ಗಂಟೆ ಕೂತು ಮಾತಾಡಿದರೆ ಕೆಲಸ ಮುಗಿಯುತ್ತೆ. ಅದು ಬಿಟ್ಟು ಅಪ್ಪ ಬೈಯುತ್ತಾನೆ, ಮಗ ಟ್ಯೂಷನ್ ಅಂತ ಸುಳ್ಳು ಹೇಳಿ ಹೊರಡುತ್ತಾನೆ. ಅಪಾಯ ಇರೋದು ಆ ಸುಳ್ಳಿನಲ್ಲಿ, ವೇಷದಲ್ಲಲ್ಲ.

ಅದೇನು ಅಂತ ಮೊದಲು ಹೇಳಿಬಿಡೋಣ. ಚಿತ್ರಕಥೆ ಪುಸ್ತಕ, ಕಾರ್ಟೂನು, ಸಿನಿಮಾ, ಕಂಪ್ಯೂಟರ್ ಆಟ, ಇವುಗಳ ಹುಚ್ಚು ಹಿಡಿದವರೆಲ್ಲ ಒಂದು ಕಡೆ ಸೇರುವ ಜಾತ್ರೆ ಅದು. 2011ರಲ್ಲಿ ದಿಲ್ಲಿಯಲ್ಲಿ ಶುರುವಾಗಿ 2012ರಲ್ಲಿ ಬೆಂಗಳೂರಿಗೂ ಬಂತು. ಇತ್ತೀಚಿನ ವರ್ಷಗಳಲ್ಲಿ ವೈಟ್‌ಫೀಲ್ಡ್‌ನ ಕೆಟಿಪಿಒ ವಸ್ತುಪ್ರದರ್ಶನದ ಜಾಗದಲ್ಲಿ ನಡೆದಿದೆ. ಪುಸ್ತಕದ ಮಳಿಗೆ, ಬೊಂಬೆ ಮಳಿಗೆ, ಚಿತ್ರ ಬರೆದವರೇ ಕೂತು ಸಹಿ ಹಾಕಿಕೊಡುವ ಮೇಜು, ಎಲ್ಲ ಇರುತ್ತೆ. ಜೊತೆಗೆ ವೇಷ. ಅದಕ್ಕೆ ಕಾಸ್‌ಪ್ಲೇ ಅಂತ ಹೆಸರಿಟ್ಟವರು ಜಪಾನಿನವರು, 1980ರ ದಶಕದಲ್ಲಿ. ಆದರೆ ವೇಷ ಅದಕ್ಕಿಂತ ಹಳೇದು. 1939ರಲ್ಲಿ ನ್ಯೂಯಾರ್ಕ್‌ನಲ್ಲಿ ವಿಜ್ಞಾನಕಥೆಯ ಅಭಿಮಾನಿಗಳು ಮೊದಲ ವಿಶ್ವ ಸಮ್ಮೇಳನ ಸೇರಿದಾಗ ಫಾರೆಸ್ಟ್ ಆಕರ್‌ಮನ್ ಎಂಬಾತ ಮುಂದಿನ ಕಾಲದ ಮನುಷ್ಯನ ಉಡುಪು ತೊಟ್ಟು ಬಂದ. ಅದನ್ನು ಹೊಲಿದುಕೊಟ್ಟವಳು ಜೊತೆಯಲ್ಲಿ ಬಂದಿದ್ದ ಮರ್ಟಲ್ ಡಗ್ಲಸ್. ಹೆಸರು ಬಂದದ್ದು ಅವನಿಗೆ, ಸೂಜಿ ಚುಚ್ಚಿಸಿಕೊಂಡವಳು ಅವಳು. ನಮ್ಮ ಮನೆಗಳಲ್ಲೂ ಹಾಗೇ ತಾನೇ? ಮಗ ವೇಷ ಅಂದ ಕೂಡಲೇ ಬಟ್ಟೆ ಹಿಡಿದು ಟೈಲರ್ ಹತ್ರ ಓಡೋದು ತಾಯಿ.

ಕಟೌಟು ಹತ್ತಿದವರು ಯಾರು?

ವೇಷ ಅಂದರೆ ಮೂಗು ಮುರಿಯೋ ಯಜಮಾನರು ಸ್ವಲ್ಪ ಹಿಂದಿನದು ನೆನೆಸಿಕೊಳ್ಳಲಿ. ಹಗಲುವೇಷದವರು ರಾಮ, ಲಕ್ಷ್ಮಣ, ಹನುಮಂತನಾಗಿ ಹಾರ್ಮೋನಿಯಂ ತಬಲಾ ಸಮೇತ ಪೇಟೆ ಬೀದಿಗೆ ಬಂದರೆ ಅಂಗಡಿಯವರು ಗಲ್ಲಾದಿಂದ ಕಾಸು ತೆಗೆದು ಕೈಮುಗಿದು ಕೊಡುತ್ತಿದ್ದರು. ಅದು ಹೊಟ್ಟೆಪಾಡು, ಇದು ಹುಚ್ಚು ಅನ್ನಬಹುದು. ಸರಿ, ಹುಚ್ಚಿನ ವಿಷಯಕ್ಕೇ ಬರೋಣ. ಕೆ.ಜಿ. ರಸ್ತೆಯ ಥಿಯೇಟರ್ ಮುಂದೆ ರಾಜಕುಮಾರ್ ಕಟೌಟಿಗೆ ಹಾರ ಹಾಕಲು ಏಣಿ ಹತ್ತಿದವರು ಯಾರು? ಮೊದಲ ಆಟದ ಟಿಕೆಟ್‌ಗೆ ಶರ್ಟು ಹರಿದುಕೊಂಡವರು ಯಾರು? ಅಭಿಮಾನಿಗಳನ್ನೇ ದೇವರು ಅಂತ ಕರೆದ ನಟ ಬದುಕಿದ್ದ ಊರಿದು. ಈಗಲೂ ಏಪ್ರಿಲ್ 24 ಬಂತೆಂದರೆ, ಅಪ್ಪು ಹುಟ್ಟಿದ ಮಾರ್ಚ್ 17 ಬಂತೆಂದರೆ, ಯಶವಂತಪುರ ದಾಟಿ ಕಂಠೀರವ ಸ್ಟುಡಿಯೋ ಕಡೆ ಹೋಗೋ ಜನವನ್ನು ನೋಡಿ. ಅಪ್ಪನದು ಅಭಿಮಾನ, ಮಗನದು ಹುಚ್ಚಾಟ ಅನ್ನೋದು ಯಾವ ನ್ಯಾಯ ಸ್ವಾಮಿ?

ವ್ಯತ್ಯಾಸ ಇರೋದು ಬೇರೆ ಕಡೆ. ಅಪ್ಪ ಮೊದಲ ಸಲ ಜಾತ್ರೆಗೋ ಸಮಾಧಿಗೋ ಹೋದಾಗ ಜೊತೆಯಲ್ಲಿ ಬೀದಿಯ ದೊಡ್ಡವರು ಇದ್ದರು. "ತಪ್ಪಿಸ್ಕೊಂಡ್ರೆ ತೇರಿನ ಹತ್ರ ಬರಬೇಡ, ಅರಳಿಕಟ್ಟೆ ಮೇಲೆ ಕೂತ್ಕೋ" ಅಂತ ಹೇಳಿ ಕೊಟ್ಟವರಿದ್ದರು. ಮನೆಯಿಂದ ಚಿತ್ರಾನ್ನದ ಡಬ್ಬಿ ಹೋಗುತ್ತಿತ್ತು. ದುಡ್ಡನ್ನು ಎರಡು ಜೇಬಿಗೆ ಹಂಚಿ ಇಡುತ್ತಿದ್ದರು. ಮಗನ ಹತ್ತಿರ ಫೋನಿದೆ, ಈ ಬುದ್ಧಿ ಇಲ್ಲ. ಅಪ್ಪನ ಹತ್ತಿರ ಬುದ್ಧಿ ಇದೆ, ಕೊಡೋ ಮನಸ್ಸಿಲ್ಲ. ಕಾಮಿಕ್ಸ್ ಗೊತ್ತಿಲ್ಲದಿದ್ದರೆ ಏನಾಯ್ತು, ಜಾತ್ರೆ ಗೊತ್ತಲ್ಲ?

ಆಧಾರ್‌ನಲ್ಲಿರೋ ಮುಖ ಎಲ್ಲಿ?

ದಾರಿಯಿಂದಲೇ ಶುರು ಮಾಡೋಣ. ಯಲಹಂಕದಿಂದ ವೈಟ್‌ಫೀಲ್ಡ್ ಅಂದರೆ ಊರಿನ ಒಂದು ತುದಿಯಿಂದ ಇನ್ನೊಂದು ತುದಿ. ಯಶವಂತಪುರದವರು ಹಸಿರು ಮೆಟ್ರೋ ಹತ್ತಿ ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿದರೆ ವೈಟ್‌ಫೀಲ್ಡ್ ತನಕ ಹೋಗಬಹುದು. 2023ರಿಂದ ಆ ಅನುಕೂಲ ಇದೆ. ಹೆಬ್ಬಾಳದ ಕಡೆಯವರು ಹೊರವರ್ತುಲ ರಸ್ತೆಯ ಬಸ್ಸು ಹಿಡಿದು ಟಿನ್ ಫ್ಯಾಕ್ಟರಿ ಹತ್ತಿರ ಇಳಿದು ಮೆಟ್ರೋ ಹತ್ತಬಹುದು. ಹೆಬ್ಬಾಳದ ಫ್ಲೈಓವರ್ ಕೆಳಗೆ ದಿನಾ ನಿಲ್ಲೋರಿಗೆ ಇದೆಲ್ಲ ಹೇಳಬೇಕಾಗಿಲ್ಲ. ಆದರೆ ಮನೆಯಿಂದ ಕಾಲೇಜು, ಕಾಲೇಜಿಂದ ಮನೆ ಅಷ್ಟೇ ಗೊತ್ತಿರೋ ಹುಡುಗರಿಗೆ ಹಿಂದಿನ ವಾರ ಒಂದು ಸಲ ದಾರಿ ತೋರಿಸಿ ಬರೋದು ಒಳ್ಳೇದು.

ವೇಷವನ್ನು ಮನೆಯಲ್ಲೇ ಹಾಕ್ಕೊಂಡು ಹೊರಡಬೇಕಾ? ಇಲ್ಲಿ ಒಂದು ತಮಾಷೆ ಇದೆ. ಶಕ್ತಿ ಯೋಜನೆಯಲ್ಲಿ 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ, ಗುರುತಿನ ಚೀಟಿ ತೋರಿಸಿದರೆ ಸಾಕು. ಆರ್.ಟಿ. ನಗರದ ಹುಡುಗಿ ಮುಖಕ್ಕೆಲ್ಲ ನೀಲಿ ಬಣ್ಣ ಬಳಿದುಕೊಂಡು ಆಧಾರ್ ಚಾಚಿದರೆ ಕಂಡಕ್ಟರ್ ಪಾಡೇನು? "ಇದು ನೀನೇ ಅನ್ನೋದಕ್ಕೆ ಏನಮ್ಮ ಗ್ಯಾರಂಟಿ?" ಅಂತ ಆತ ಕೇಳಿದರೆ ತಪ್ಪು ಹೇಳೋ ಹಾಗಿಲ್ಲ. ಮೆಟ್ರೋ ಬಾಗಿಲಲ್ಲಿ ಕತ್ತಿ, ಗದೆ ಕಂಡರೆ ಭದ್ರತೆಯವರು ಸುಮ್ಮನೆ ಬಿಡುತ್ತಾರೆಯೇ? ಟೋಕಿಯೋದಲ್ಲಿ 1975ರಿಂದ ನಡೆಯುತ್ತಿರುವ ಕಾಮಿಕೆಟ್ ಎಂಬ ಭಾರೀ ಜಾತ್ರೆಯಲ್ಲಿ ವೇಷ ಧರಿಸಿ ಬೀದಿಯಲ್ಲಿ ಬರೋದೇ ನಿಷಿದ್ಧ. ಸಾದಾ ಬಟ್ಟೆಯಲ್ಲಿ ಬಂದು ಅಲ್ಲಿನ ಕೋಣೆಯಲ್ಲಿ ಬದಲಾಯಿಸಿಕೊಳ್ಳಬೇಕು. ನಮ್ಮವರೂ ಹಾಗೇ ಮಾಡಲಿ. ಆಯುಧ ರಟ್ಟಿನದೋ ಥರ್ಮಾಕೋಲಿನದೋ ಆಗಿರಲಿ, ಕಬ್ಬಿಣದ್ದನ್ನು ಮುಟ್ಟೋದೇ ಬೇಡ. ಹಳೇ ಚಪ್ಪಲಿ ಬೇಡ, ಲೇಸು ಬಿಗಿದ ಬೂಟು ಬೇಕು. ಉದ್ದನೆಯ ನಿಲುವಂಗಿ ನೋಡೋಕೆ ಚೆನ್ನ, ಮೆಟ್ಟಿಲ ಮೇಲೆ ಹಿಂದಿನವನು ತುಳಿದರೆ ಗತಿ ಏನು? ಯಾವ ದಿನದ ಟಿಕೆಟ್ ಅಂತ ಎರಡು ಸಲ ನೋಡಿಕೊಳ್ಳಲಿ. ಫೋನ್ ಸತ್ತರೆ ಅಂತ ಅಪ್ಪನ ನಂಬರನ್ನು ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿ.

ಹೆಣ್ಣುಮಕ್ಕಳ ತಂದೆತಾಯಿಗಳ ಅಂಜಿಕೆ ಬೇರೆ. ಅದು ಸುಳ್ಳು ಅಂಜಿಕೆ ಅಲ್ಲ. ನ್ಯೂಯಾರ್ಕಿನ ಕಾಮಿಕ್ ಕಾನ್‌ನವರು 2014ರಲ್ಲಿ ದೊಡ್ಡ ಫಲಕಗಳನ್ನೇ ನಿಲ್ಲಿಸಿದರು: ವೇಷ ಹಾಕಿದ ಮಾತ್ರಕ್ಕೆ ಮುಟ್ಟೋಕೆ ಒಪ್ಪಿಗೆ ಸಿಕ್ಕ ಹಾಗಲ್ಲ ಅಂತ. ಫೋಟೋ ತೆಗೆಯೋಕೂ ಕೇಳಬೇಕು. ಈ ಮಾತನ್ನು ಮಗಳಿಗೆ ಹೇಳೋದಕ್ಕಿಂತ ಹೆಚ್ಚಾಗಿ ಹೇಳಬೇಕಾದ್ದು ಮಗನಿಗೆ. ಮಗಳನ್ನು ಮನೆಯಲ್ಲಿ ಕೂರಿಸಿ ಮಗನನ್ನು ಮಾತ್ರ ಕಳಿಸೋ ಮನೆಗಳಿಗೆ ಇದು ಅರ್ಥವಾಗೋದು ಯಾವಾಗಲೋ!

ಜೂನ್ 4ರ ಲೆಕ್ಕ

ಇಷ್ಟೆಲ್ಲ ಯಾಕೆ ಹೇಳಬೇಕು ಅಂದರೆ, 2025ರ ಜೂನ್ 4 ಇನ್ನೂ ಮಾಸಿಲ್ಲ. ಹಿಂದಿನ ರಾತ್ರಿ ಆರ್‌ಸಿಬಿ ಮೊದಲ ಸಲ ಐಪಿಎಲ್ ಕಪ್ ಗೆದ್ದಿತ್ತು. ಮಾರನೇ ದಿನ ಸುಮಾರು 35,000 ಜನ ಹಿಡಿಸೋ ಚಿನ್ನಸ್ವಾಮಿ ಕ್ರೀಡಾಂಗಣದ ಕಡೆ ಲಕ್ಷಗಟ್ಟಲೆ ಜನ ನುಗ್ಗಿದರು. ಪಾಸು ಬೇಕೋ ಬೇಡವೋ, ಯಾವ ಗೇಟು ತೆಗೆದಿದೆಯೋ, ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. 11 ಜನ ಸತ್ತರು. ಹದಿಹರೆಯದ ಮಕ್ಕಳೂ ಅದರಲ್ಲಿದ್ದರು. ಅವರೂ ಬೆಳಿಗ್ಗೆ ಕೆಂಪು ಜೆರ್ಸಿ ತೊಟ್ಟು ಸಂತೋಷದಿಂದ ಮನೆ ಬಿಟ್ಟವರೇ. 2022ರ ಅಕ್ಟೋಬರ್ 29ರಂದು ದಕ್ಷಿಣ ಕೊರಿಯಾದ ಸೋಲ್ ನಗರದ ಇಟೇವಾನ್‌ನಲ್ಲಿ ವೇಷದ ಹಬ್ಬಕ್ಕೆ ಸೇರಿದ್ದ ಯುವಕರು ಇಕ್ಕಟ್ಟಿನ ಓಣಿಯಲ್ಲಿ ಸಿಕ್ಕಿಬಿದ್ದು 159 ಜೀವ ಹೋಯಿತು.

ಟಿಕೆಟ್ ಕೊಟ್ಟು ಒಳಗೆ ಬಿಡುವ ಕಾಮಿಕ್ ಕಾನ್ ಆ ಬಗೆಯದಲ್ಲ, ಅದು ನಿಜ. ಆದರೂ ಜನ ದಟ್ಟವಾದರೆ ನಿಯಮ ಎಲ್ಲ ಕಡೆ ಒಂದೇ. ಇಂಥ ಕಡೆ ಹೆಚ್ಚಿನವರು ಸಾಯೋದು ತುಳಿತದಿಂದಲ್ಲ, ಎದೆ ಒತ್ತಿ ಉಸಿರು ಕಟ್ಟಿ. ಅದಕ್ಕೇ ಎರಡೂ ಕೈ ಎದೆಯ ಮುಂದೆ ಮಡಿಸಿ ಹಿಡಿದು ಉಸಿರಿಗೆ ಜಾಗ ಮಾಡಿಕೊಳ್ಳಬೇಕು. ಫೋನ್ ಬಿತ್ತಾ, ಬೀಳಲಿ, ಬಗ್ಗಬಾರದು. ಎದುರು ಈಜಬಾರದು, ಜನ ಸಾಗೋ ಕಡೆಗೇ ಸಾಗುತ್ತಾ ಓರೆಯಾಗಿ ಅಂಚಿಗೆ ಸರಿಯಬೇಕು. ಪಕ್ಕದವರ ಮೈ ನಾಲ್ಕೂ ಕಡೆಯಿಂದ ತಾಗುತ್ತಿದೆ ಅನ್ನಿಸಿದ ಕ್ಷಣವೇ ಹೊರಟುಬಿಡಬೇಕು, ಇಷ್ಟದ ನಟ ವೇದಿಕೆ ಮೇಲೆ ಬರೋ ಹೊತ್ತಾಗಿದ್ದರೂ ಸರಿ. ಒಳಗೆ ಕಾಲಿಟ್ಟ ಕೂಡಲೇ ಮೊದಲು ನೋಡಬೇಕಾದ್ದು ಮಳಿಗೆಯನ್ನಲ್ಲ, ಹೊರಗೆ ಹೋಗೋ ಬಾಗಿಲನ್ನು.

ಇದೆಲ್ಲ ಮಕ್ಕಳ ಕೆಲಸ. ದೊಡ್ಡವರ ಕೆಲಸ? 2025ರ ಏರ್ ಶೋಗೆ ಆಗಿನ ಬಿಬಿಎಂಪಿ ಯಲಹಂಕ ವಾಯುನೆಲೆಯ ಸುತ್ತ 13 ಕಿಲೋಮೀಟರ್ ಮಾಂಸದಂಗಡಿಗಳನ್ನು ಜನವರಿ 23ರಿಂದ ಫೆಬ್ರವರಿ 17ರವರೆಗೆ ಮುಚ್ಚಿ ಅಂತ ಆದೇಶ ಹೊರಡಿಸಿತ್ತು. ಹದ್ದುಗಳು ವಿಮಾನಕ್ಕೆ ಅಡ್ಡ ಬರಬಾರದು ಅಂತ! ವ್ಯಾಪಾರಿಗಳು ಗೊಣಗಿಕೊಂಡೇ ಬಾಗಿಲು ಎಳೆದರು. ಹಕ್ಕಿ ಹಾರೋ ದಾರಿಯನ್ನು ಮೂರೂವರೆ ವಾರ ಮೊದಲೇ ಲೆಕ್ಕ ಹಾಕೋ ಆಡಳಿತಕ್ಕೆ ಮನುಷ್ಯರು ನಡೆಯೋ ದಾರಿಯ ಲೆಕ್ಕ ಯಾಕೆ ಬರೋದಿಲ್ಲ? ಅದೇ ಏರ್ ಶೋನಲ್ಲಿ 2019ರ ಫೆಬ್ರವರಿ 23ರಂದು ಕಾರು ನಿಲ್ಲಿಸಿದ್ದ ಬಯಲಿಗೆ ಬೆಂಕಿ ಬಿದ್ದು ಸುಮಾರು 300 ಕಾರು ಬೂದಿಯಾದವು. ಒಣಹುಲ್ಲು ಕೀಳಿಸೋಕೆ ಎಷ್ಟು ಕೂಲಿ ಆಗುತ್ತಿತ್ತು?

ಜೂನ್ 4 ಆದ ಮೇಲೆ 2025ರ ಆಗಸ್ಟ್‌ನಲ್ಲಿ ಸರ್ಕಾರ ಜನಸಂದಣಿ ನಿಯಂತ್ರಣದ ಮಸೂದೆಯನ್ನು ವಿಧಾನಸಭೆಯಲ್ಲಿ ಮಂಡಿಸಿತು. ಕಾನೂನಿನ ಮಾತು ಹಾಗಿರಲಿ. ಯಾವ ಗೇಟು ಯಾರಿಗೆ, ಬಾಗಿಲು ಎಷ್ಟು ಗಂಟೆಗೆ ಮುಚ್ಚುತ್ತೆ, ಮಗು ತಪ್ಪಿಸಿಕೊಂಡರೆ ಎಲ್ಲಿಗೆ ಹೋಗಬೇಕು ಅನ್ನೋದನ್ನ ಸಂಘಟಕರು ಕನ್ನಡದಲ್ಲೂ ದಪ್ಪ ಅಕ್ಷರದಲ್ಲಿ ಬರೆಸಲಿ. ಇಂಗ್ಲಿಷ್ ಓದೋ ಮಗ ಒಳಗಿರುತ್ತಾನೆ, ಗಾಬರಿಯಿಂದ ಹುಡುಕಿಕೊಂಡು ಬರೋ ಅಪ್ಪ ಹೊರಗಿರುತ್ತಾನೆ. ಮುಗಿಯೋ ಹೊತ್ತಿಗೆ ಹೆಬ್ಬಾಳದ ಕಡೆಗೆ ನಾಲ್ಕು ಬಸ್ಸು ಹೆಚ್ಚಿಗೆ ಬಿಡೋದು ಬಿಎಂಟಿಸಿಗೆ ದೊಡ್ಡ ಮಾತಲ್ಲ. ಹೋಗೋವಾಗ ಜನ ಒಬ್ಬೊಬ್ಬರಾಗಿ ಹೋಗುತ್ತಾರೆ, ಬರೋವಾಗ ಎಲ್ಲ ಒಟ್ಟಿಗೆ ಬರುತ್ತಾರೆ. ಇದು ಡಿಪೋ ಮ್ಯಾನೇಜರಿಗೆ ಗೊತ್ತಿಲ್ಲದ್ದೇನಲ್ಲ.

ಇನ್ನು ಯಲಹಂಕದ ಯಜಮಾನರ ವಿಷಯ. ಟಿಕೆಟ್ ದುಡ್ಡು ಕೊಡಲಿ, ಕೊಡೋವಾಗ ಯಾರ್ಯಾರು ಹೋಗ್ತೀರಿ, ತಪ್ಪಿಸಿಕೊಂಡರೆ ಎಲ್ಲಿ ಸೇರ್ತೀರಿ ಅಂತ ಕೇಳಲಿ. ಅವತ್ತು ಒಂದು ದಿನ ಅಂಗಡಿ ಬಾಗಿಲು ಒಂದು ಗಂಟೆ ಮುಂಚೆ ಎಳೆದರೆ ವ್ಯಾಪಾರ ಮುಳುಗೋದಿಲ್ಲ. ಸ್ಕೂಟರ್ ತಗೊಂಡು ರಾತ್ರಿ ಹೆಬ್ಬಾಳದ ಬಸ್ ಸ್ಟಾಪಿನಲ್ಲಿ ನಿಂತಿರಲಿ. ಅಷ್ಟು ಹೊತ್ತಿಗೆ ಮಗನ ಮುಖದ ಬಣ್ಣ ಅರ್ಧ ಇಳಿದಿರುತ್ತೆ, ಗುರುತು ಸಿಕ್ಕೇ ಸಿಗುತ್ತೆ.