ಬಯಲಿನ ಅಧ್ಯಾಪಕ

ಧರ್ಮೋಪದೇಶಕನಾಗಬೇಕೆಂಬ ಸಂಕಲ್ಪದಿಂದ ಅಮೆರಿಕದ ಯೇಲ್ ವಿಶ್ವವಿದ್ಯಾಲಯವನ್ನು ಸೇರಿ, ವೇದಿಕೆಯ ವಾಗ್ಮಿತೆ ತನಗೆ ಒಲಿಯದೆಂಬುದನ್ನು ಅರಿತು, ಆ ಸೇವೆಯನ್ನು ಆಟದ ಬಯಲಿನಲ್ಲಿಯೇ ಸಲ್ಲಿಸಲು ನಿಶ್ಚಯಿಸಿದ ಅಮೋಸ್ ಅಲೋಂಜೊ ಸ್ಟ್ಯಾಗ್‌ನ ಜೀವಿತವನ್ನು, ವಿದ್ಯಾಸಂಸ್ಥೆಗಳಲ್ಲಿ ವ್ಯಾಯಾಮ ಶಿಕ್ಷಕನ ಸ್ಥಾನವೇನೆಂದು ಚಿಂತಿಸುವವರೆಲ್ಲರೂ ಅವಶ್ಯವಾಗಿ ಪರಿಶೀಲಿಸಬೇಕು.

ಅವನು ಆಡಿದ, ಕಲಿಸಿದ ಅಲ್ಲಿಯ ಫುಟ್‌ಬಾಲ್ ನಮ್ಮ ಕಾಲ್ಚೆಂಡಾಟವಲ್ಲ. ಅಂಡಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಎದುರಾಳಿಗಳ ಸಾಲನ್ನು ಭೇದಿಸಿ ನುಗ್ಗುವ, ನುಗ್ಗಿದವನನ್ನು ಹಿಡಿದು ನೆಲಕ್ಕೆ ಕೆಡಹುವ ಉಗ್ರಕ್ರೀಡೆ. ಈ ಕೆಡಹುವ ವಿದ್ಯೆಯ ಅಭ್ಯಾಸಕ್ಕಾಗಿ ಸ್ಟ್ಯಾಗ್ ಹಳೆಯ ಹಾಸಿಗೆಯೊಂದನ್ನು ಸುರುಳಿ ಸುತ್ತಿ ಯೇಲ್‌ನ ವ್ಯಾಯಾಮಶಾಲೆಯಲ್ಲಿ ತೂಗುಹಾಕಿದನು. ಹುಡುಗರು ಓಡಿಬಂದು ಅದನ್ನು ತಬ್ಬಿ ಉರುಳಿಸುವುದನ್ನು ಕಲಿತರು. ಆಟಗಾರನೊಳಗಿನ ಗುರು ಎಚ್ಚೆತ್ತುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಕಿಲ್ಲ. ವರ್ಷದ ಶ್ರೇಷ್ಠ ಕಾಲೇಜು ಆಟಗಾರರನ್ನು ಹೆಸರಿಸುವ ಅಖಿಲ ಅಮೆರಿಕ ತಂಡದ 1889ರ ಪ್ರಥಮ ಪಟ್ಟಿಯಲ್ಲಿಯೇ ಅವನಿಗೆ ಸ್ಥಾನ ದೊರೆಯಿತು. ಬೇಸ್‌ಬಾಲಿನಲ್ಲಿಯೂ ನಿಪುಣನಾಗಿದ್ದ ಅವನು ವೃತ್ತಿತಂಡಗಳ ಹಣಕ್ಕೆ ಮನಸೋಲಲಿಲ್ಲ.

1892ರಲ್ಲಿ, ಆಗತಾನೆ ಬಾಗಿಲು ತೆರೆಯುತ್ತಿದ್ದ ಷಿಕಾಗೊ ವಿಶ್ವವಿದ್ಯಾಲಯದ ಅಧ್ಯಕ್ಷ ವಿಲಿಯಂ ರೇನಿ ಹಾರ್ಪರ್, ಹೀಬ್ರೂ ಭಾಷೆಯ ಪಂಡಿತನಾಗಿದ್ದೂ, ಸ್ಟ್ಯಾಗ್‌ನನ್ನು ಕರೆಸಿ, ಹಂಗಾಮಿ ತರಬೇತುದಾರನನ್ನಾಗಿ ಅಲ್ಲ, ಖಾಯಂ ಹುದ್ದೆಯ ಸಹಪ್ರಾಧ್ಯಾಪಕನನ್ನಾಗಿ ನೇಮಿಸಿದನು. ಶರೀರಶಿಕ್ಷಣವೂ ವಿದ್ಯೆಯೇ ಎಂಬ ತತ್ತ್ವವನ್ನು ನೇಮಕಾತಿಯ ಆಜ್ಞೆಯಲ್ಲಿಯೇ ಸ್ಥಾಪಿಸಿದ ಈ ಕ್ರಮ, ನನ್ನ ದೃಷ್ಟಿಯಲ್ಲಿ, ಸ್ಟ್ಯಾಗ್ ಗಳಿಸಿಕೊಟ್ಟ ಸಮಸ್ತ ವಿಜಯಗಳಿಗಿಂತಲೂ ಹಿರಿದಾದುದು.

ಆದರೆ ಆ ವಿಜಯಗಳೇ ಮುಂದೆ ತೊಡಕಾದುವು. 1905ರಲ್ಲಿ, 56 ಪಂದ್ಯಗಳಿಂದ ಸೋಲನ್ನೇ ಕಾಣದಿದ್ದ ಮಿಷಿಗನ್ ತಂಡವನ್ನು ಷಿಕಾಗೊ 2–0 ಅಂತರದಿಂದ ಮಣಿಸಿದಾಗ ನಗರಕ್ಕೆ ನಗರವೇ ಹುಚ್ಚೆದ್ದಿತು. ಟಿಕೆಟ್ಟಿನ ಹಣ ಹರಿದುಬಂದಂತೆ, ನೇರವಾಗಿ ಮೇಲಿನವರಿಗಷ್ಟೇ ಉತ್ತರ ಹೇಳಬೇಕಾಗಿದ್ದ ಸ್ಟ್ಯಾಗ್‌ನ ಇಲಾಖೆ ಸಹೋದ್ಯೋಗಿ ಅಧ್ಯಾಪಕರ ಅಂಕೆಯನ್ನು ಮೀರಿ ಬೆಳೆಯಿತು. ಸಮಾನಸ್ಥಾನವನ್ನು ಕೊಟ್ಟವರು ಸಮಾನವಾದ ಹೊಣೆಯನ್ನು ಕೇಳದೆಹೋದರು, ತಪ್ಪು ಇಲ್ಲಿದೆ. ಎಪ್ಪತ್ತು ತುಂಬಿದವನನ್ನು 1932ರಲ್ಲಿ ನಿವೃತ್ತಿಗೊಳಿಸಿದ ವಿಶ್ವವಿದ್ಯಾಲಯ 1939ರಲ್ಲಿ ಆ ಆಟವನ್ನೇ ಕೈಬಿಟ್ಟಿತು. ಅವನ ಹೆಸರಿನ ಕ್ರೀಡಾಂಗಣದ ಆಸನಸಾಲುಗಳ ಕೆಳಗೆ 1942ರ ಡಿಸೆಂಬರ್ 2ರಂದು ಭೌತವಿಜ್ಞಾನಿ ಎನ್ರಿಕೊ ಫರ್ಮಿಯ ತಂಡ ಸ್ವಯಂಪೋಷಿತ ಪರಮಾಣು ಸರಣಿಕ್ರಿಯೆಯನ್ನು ಪ್ರಪ್ರಥಮವಾಗಿ ನಡೆಸಿತು.

ಅಷ್ಟರಲ್ಲಿ ಮುದುಕನು ಕ್ಯಾಲಿಫೋರ್ನಿಯದ ಕಾಲೇಜ್ ಆಫ್ ದಿ ಪೆಸಿಫಿಕ್‌ನಲ್ಲಿ ಹೊಸ ಹುಡುಗರಿಗೆ ಆಟ ಕಲಿಸುತ್ತಿದ್ದನು. 1943ರಲ್ಲಿ, 81ರ ವಯಸ್ಸಿನಲ್ಲಿ, ವರ್ಷದ ಶ್ರೇಷ್ಠ ತರಬೇತುದಾರನೆಂಬ ಗೌರವ ಅವನಿಗೆ ಸಂದಿತು. ಬಳಿಕ ಮಗನೊಡನೆ ಸಸ್ಕ್ವೆಹಾನ ವಿಶ್ವವಿದ್ಯಾಲಯದಲ್ಲಿಯೂ ದುಡಿದು 1965ರಲ್ಲಿ, 102 ವರ್ಷದವನಾಗಿ, ತೀರಿಕೊಂಡನು. ಅಧಿಕಾರವೂ ಹಣದ ಹೊಳೆಯೂ ಇಲ್ಲದ ಈ ಉತ್ತರಾರ್ಧದಲ್ಲಿಯೇ ಅವನ ಗುರುತನ ನನಗೆ ಹೆಚ್ಚು ನಿರ್ಮಲವಾಗಿ ಕಾಣುತ್ತದೆ.

ಷಿಕಾಗೊ 1969ರಲ್ಲಿ ಅಂತರಕಾಲೇಜು ಫುಟ್‌ಬಾಲ್ ಪಂದ್ಯಗಳಿಗೆ ಮರಳಿತು. ಆಟದ ಬಲದಿಂದ ವಿದ್ಯಾರ್ಥಿವೇತನ ಕೊಡುವ ಪದ್ಧತಿ ಇಂದು ಅಲ್ಲಿಲ್ಲ. ವ್ಯಾಯಾಮ ಶಿಕ್ಷಕನಿಗೆ ಅಧ್ಯಾಪಕರ ಪಂಕ್ತಿಯಲ್ಲಿ ಆಸನವನ್ನೂ, ಅದರೊಂದಿಗೆ ಅಧ್ಯಾಪಕನ ಹೊಣೆಯನ್ನೂ ಕೊಡುವ ಈ ಮಾರ್ಗವನ್ನು ನಮ್ಮ ಕಾಲೇಜುಗಳ ಆಡಳಿತ ಮಂಡಲಿಗಳು ದಯವಿಟ್ಟು ಪರಿಶೀಲಿಸಲಿ.