ಗೃಹವಿಚಾರ: ಸಣ್ಣ ಬಚ್ಚಲುಮನೆಗೆ ದೋಣಿಯ ಶಿಸ್ತು

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಬಚ್ಚಲುಮನೆಗೆ ದೊರೆತ ಸ್ಥಳ ಅತ್ಯಲ್ಪ. ಪಡಸಾಲೆಗೂ ದೇವರಮನೆಗೂ ಧಾರಾಳವಾಗಿ ಜಾಗ ಬಿಟ್ಟ ಹಿರಿಯರು ಸ್ನಾನಕ್ಕೆ ಒಂದು ಹಂಡೆ, ಒಂದು ಕಲ್ಲು, ಒಬ್ಬರು ಕುಳಿತುಕೊಳ್ಳುವಷ್ಟು ಮೂಲೆಯನ್ನು ಮಾತ್ರ ಇರಿಸಿದರು. ಇಂದು ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿಗಳಲ್ಲಿ ಆ ಮೂಲೆಯನ್ನು ತಾವೇ ಹೊಸದಾಗಿಸಿಕೊಳ್ಳಬಯಸುವ ಕುಟುಂಬಗಳುಂಟು. ಹಡಗಿನ ಕೋಣೆಯ ಮಾದರಿಯ ಬಿಳಿ–ನೀಲಿ ಬಣ್ಣ, ದುಂಡು ಕನ್ನಡಿ, ಹಗ್ಗದ ಅಂಚು ಕೆಲವರಿಗೆ ಅಚ್ಚುಮೆಚ್ಚು. ಸಮುದ್ರವಿಲ್ಲದ ಸೀಮೆಗೆ ಇದೇಕೆ ಎಂದು ನಗಬೇಕಾಗಿಲ್ಲ. ಜಮಖಂಡಿಯ ಸೀಮೆಗೆ ಕೃಷ್ಣೆ, ಮುಧೋಳಕ್ಕೆ ಘಟಪ್ರಭೆ. ಸೇತುವೆಗಳಿಲ್ಲದ ಕಾಲದಲ್ಲಿ ನಾವೆಯೇ ನಮ್ಮ ದಾರಿ. ಶರಣ ಅಂಬಿಗರ ಚೌಡಯ್ಯನವರ ಕಾಯಕವೂ ಅದೇ ಆಗಿತ್ತು.

ಆದರೆ ದೋಣಿಯಿಂದ ನಾವು ಮೊದಲು ಕಲಿಯಬೇಕಾದುದು ಶಿಸ್ತನ್ನು. ಬಣ್ಣ ಆಮೇಲಿನ ಮಾತು. ಒಳಗೆ ನೀರು ನಿಲ್ಲಬಾರದು, ಪ್ರತಿ ವಸ್ತುವಿಗೂ ನಿಶ್ಚಿತ ಸ್ಥಳವಿರಬೇಕು, ಕೈಗೆ ಸದಾ ಆಸರೆ ಸಿಗಬೇಕು.

ನೀರಿನ ಮಾತು ಮೊದಲು. ನಮ್ಮ ಎರೆಭೂಮಿ ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಬಚ್ಚಲಿನ ನೀರು ನೆಲದೊಳಗೆ ಇಳಿಯುತ್ತಿದ್ದರೆ ಅಡಿಪಾಯಕ್ಕೇ ಅಪಾಯ. ಆದುದರಿಂದ ಐದು ಅಡಿ ಉದ್ದಕ್ಕೆ ಸುಮಾರು 1 ಅಂಗುಲದಷ್ಟು ಇಳಿಜಾರು ಮೋರಿಯ ಕಡೆಗಿರಲಿ. ನೀರು ಸೋರದಂತೆ ಗಿಲಾವು ಮಾಡಿಸಿದ ಮೇಲೆ ಮೋರಿಯನ್ನು ಮುಚ್ಚಿ, ನೆಲದ ಮೇಲೆ 48 ತಾಸು ನೀರು ನಿಲ್ಲಿಸಿ ನೋಡಿರಿ. ಹೊರಗೋಡೆ ತೇವಗೊಳ್ಳದಿದ್ದರೆ ಮಾತ್ರ ಟೈಲ್ಸ್ ಕೂಡಿಸಿರಿ. ನೆಲಕ್ಕೆ ನುಣುಪಾದ, ಹೊಳೆಯುವ ಟೈಲ್ಸ್ ಬೇಡ. ಒರಟು ಮೈಯವು, ಅದರಲ್ಲೂ ಚಿಕ್ಕ ಅಳತೆಯವು ಉತ್ತಮ. 2019ರ ಆಗಸ್ಟ್ ಪ್ರವಾಹದಲ್ಲಿ ನೆನೆದ ಮನೆಗಳಲ್ಲಿ ಇಂದಿಗೂ ತೇವದ ಕಲೆ ಕಾಣುವ ಗೋಡೆಗಳಿದ್ದರೆ, ಅವು ಪೂರ್ಣ ಒಣಗದ ಹೊರತು ಬಣ್ಣ ಹಚ್ಚುವುದು ವ್ಯರ್ಥ. ಅದು ಸುಲಿದು ಬರುತ್ತದೆ.

ಇನ್ನು ಅಲಂಕಾರ. ಗೋಡೆ ಬಿಳಿಯದಿರಲಿ, ಎದೆಮಟ್ಟದಲ್ಲಿ ಒಂದೇ ನೀಲಿ ಪಟ್ಟಿ ಸಾಕು. ಬಾಗಿಲ ಮೇಲಿನ ಖಾಲಿ ಜಾಗಕ್ಕೆ ಸಾಗವಾನಿ ಹಲಗೆಯೊಂದನ್ನು ಹೂಡಿ, ಮುಂದಿನ ಅಂಚಿಗೆ ಅರ್ಧ ಅಂಗುಲದ ಪಟ್ಟಿ ಬಡಿಯಿರಿ. ಹಡಗಿನಲ್ಲಿ ಸಾಮಾನು ಉರುಳದಂತೆ ಮಾಡುವ ಉಪಾಯವಿದು. ಕನ್ನಡಿಯ ಸುತ್ತ ಪುಂಡಿನಾರಿನ ಹಗ್ಗ ಅಂದವೇ ಸರಿ, ಆದರೆ ನೀರು ಸಿಡಿಯದ ಗೋಡೆಗೆ ಮಾತ್ರ. ತೇವದಲ್ಲಿ ಅದು ಬೂಸು ಹಿಡಿಯುತ್ತದೆ. ಕೊಕ್ಕೆಗಳು ಹಿತ್ತಾಳೆಯವಾದರೆ ತುಕ್ಕಿನ ಭಯವಿಲ್ಲ. ಹುಣಸೆಹಣ್ಣಿನಿಂದ ತಿಕ್ಕಿದರೆ ಮತ್ತೆ ಬೆಳಗುತ್ತವೆ. ಪರದೆಗೆ ರಬಕವಿ–ಬನಹಟ್ಟಿಯ ಮಗ್ಗದ ಹತ್ತಿಬಟ್ಟೆಯಲ್ಲಿಯೇ ನೀಲಿ ಅಂಚಿನದನ್ನು ಆರಿಸಿದರೆ ನೆರೆಯ ನೇಕಾರನಿಗೂ ಕೆಲಸ ದೊರೆಯುತ್ತದೆ.

ಒಂದು ಎಚ್ಚರಿಕೆ ಅತ್ಯವಶ್ಯ. ಹಡಗಿನಂತೆ ಕಾಣಲೆಂದು ದುಂಡು ಕಿಟಕಿಯನ್ನು ಗಾಜಿನಿಂದ ಶಾಶ್ವತವಾಗಿ ಮುಚ್ಚಬೇಡಿರಿ. ಗಾಳಿಯಾಡದ ಚಿಕ್ಕ ಕೋಣೆಯಲ್ಲಿ ಗ್ಯಾಸ್ ಗೀಜರ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ಸ್ನಾನಕ್ಕೆ ಹೋದವರು ಮೂರ್ಛೆಹೋಗಿ ಪ್ರಾಣ ಕಳೆದುಕೊಂಡ ಘಟನೆಗಳು ನಮ್ಮ ರಾಜ್ಯದಲ್ಲಿಯೂ ನಡೆದಿವೆ. ಅಂಥ ಗೀಜರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಕೂಡಿಸಿ ಬಿಸಿನೀರನ್ನು ಮಾತ್ರ ಒಳಗೆ ತರುವುದೇ ಕ್ಷೇಮ. ವಿದ್ಯುತ್ ಗೀಜರಾದರೆ ಸರಿಯಾದ ಅರ್ಥಿಂಗ್ ಇರಬೇಕು. 30 ಮಿಲಿಆಂಪಿಯರ್ ಸೋರಿಕೆಗೇ ವಿದ್ಯುತ್ ಕಡಿಯುವ ಆರ್.ಸಿ.ಸಿ.ಬಿ. ಇರಬೇಕು; ಸ್ವಿಚ್ಚು ಕೋಣೆಯ ಹೊರಗಿರಬೇಕು. ಬಣ್ಣ, ಹಲಗೆ, ಕೊಕ್ಕೆಗಳ ಕೆಲಸ ಮನೆಯವರದು. ಗ್ಯಾಸು ಮತ್ತು ವಿದ್ಯುತ್ತಿನ ಕೆಲಸ ಬಲ್ಲವರದೇ.

ಬಾಗಿಲು ಹೊರಕ್ಕೆ ತೆರೆಯುವಂತಿರಲಿ. ಒಳಗೆ ಯಾರಾದರೂ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲನ್ನು ಅವರ ದೇಹವೇ ತಡೆಯುತ್ತದೆ. ಹಡಗಿನ ಕೈಹಿಡಿಯಂಥ ಸ್ಟೀಲ್ ಸರಳೊಂದನ್ನು ಬರಿಯ ಗಿಲಾವಿಗಲ್ಲ, ಇಟ್ಟಿಗೆಗೇ ಬಿಗಿಯಾಗುವಂತೆ ಬೋಲ್ಟ್ ಹಾಕಿಸಿರಿ. ಅದರ ಎತ್ತರವನ್ನು ನಿರ್ಧರಿಸುವ ಮುನ್ನ ಮನೆಯ ಅತ್ಯಂತ ಹಿರಿಯರನ್ನು ಒಳಗೆ ಕರೆದೊಯ್ದು, ಅವರು ಕೂಡುವುದನ್ನೂ ಏಳುವುದನ್ನೂ ನೋಡಿರಿ. ಏಳುವಾಗ ಅವರ ಕೈ ತಾನಾಗಿ ಎಲ್ಲಿಗೆ ಚಾಚುವುದೋ ಅಲ್ಲಿಯೇ ಗುರುತು ಹಾಕಿರಿ.