ಬಾಗಿಲ ಹಿಂದಿನವರು

ಜಾಂಜಿಬಾರ್ ದ್ವೀಪದ ಹಳೆಯ ಪೇಟೆ ಸ್ಟೋನ್ ಟೌನ್‌ಗೆ ಹೋಗಿಬಂದವರು ತೋರಿಸುವ ಫೋಟೋಗಳಲ್ಲಿ ಬರೀ ಬಾಗಿಲುಗಳು. ಕೆತ್ತನೆಯ ಚೌಕಟ್ಟು, ಹಿತ್ತಾಳೆಯ ಮೊನೆಗಳು, ಮುಂದೆ ನಗುತ್ತಾ ನಿಂತ ನಾವು. ಕೆಲವು ಬಾಗಿಲು ಗುಜರಾತಿ ವ್ಯಾಪಾರಿಗಳ ಮನೆಯವು ಎಂದು ತಿಳಿದರಂತೂ ‘ನಮ್ಮವರದ್ದು’ ಎಂಬ ಹೆಮ್ಮೆ ಬೇರೆ. 2000ದಲ್ಲಿ ಯುನೆಸ್ಕೊ ಇಡೀ ಪೇಟೆಯನ್ನೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಒಳ್ಳೆಯದೇ. ನನ್ನ ತಕರಾರು ಬಾಗಿಲಿನ ಮೇಲಲ್ಲ, ಅದನ್ನು ಹೊರಗಿನಿಂದಲೇ ಮೆಚ್ಚಿ ಹಿಂದಿರುಗುವ ನಮ್ಮ ಮೇಲೆ.

ಈ ಪೇಟೆಯಲ್ಲಿ ಮನುಷ್ಯರನ್ನು ಮಾರುವ ಸಂತೆಯಿತ್ತು. 1873ರಲ್ಲಿ ಬ್ರಿಟಿಷರ ಒತ್ತಡಕ್ಕೆ ಮಣಿದು ಸುಲ್ತಾನ್ ಬರ್ಗಾಷ್ ಅದನ್ನು ಮುಚ್ಚಿಸಿದ. ಆ ಜಾಗದಲ್ಲಿ ಈಗ ಆಂಗ್ಲಿಕನ್ ಚರ್ಚ್ ಇದೆ. ಪ್ರವಾಸಿಗಳು ಅಲ್ಲಿ ನಿಟ್ಟುಸಿರು ಬಿಟ್ಟು, ‘ಸದ್ಯ, ಮುಗಿಯಿತಲ್ಲ’ ಎಂದುಕೊಂಡು ಹೊರಬರುತ್ತಾರೆ. ಮುಗಿಯಿತೇ? ಮುಚ್ಚಿದ್ದು ಸಂತೆ ಮಾತ್ರ. ದಾಸ್ಯಕ್ಕಿದ್ದ ಕಾನೂನಿನ ಮಾನ್ಯತೆ ಹೋದದ್ದು 1897ರಲ್ಲಿ. ಆಗಲೂ ಒಡೆಯರು ಉಪಪತ್ನಿಯರಾಗಿ ಇರಿಸಿಕೊಂಡಿದ್ದ ದಾಸಿಯರನ್ನು ಆ ಆಜ್ಞೆಯಿಂದ ಹೊರಗಿಟ್ಟರು. ಅವರು ಹೆಂಡತಿಯರ ಹಾಗೆ, ಅವರಿಗೇಕೆ ಬಿಡುಗಡೆ ಎಂಬ ವಾದ! ಅವರ ಪಾಲಿಗೆ ಕಾನೂನು ಕಣ್ಣು ತೆರೆದದ್ದು 1909ರಲ್ಲಿ.

ಹೆಂಗಸಿನ ಸಂಕಟವೆಂದರೆ ‘ಅದು ಮನೆಯೊಳಗಿನ ವಿಷಯ’ ಎಂದು ಕಾನೂನು ಹೊಸಿಲಲ್ಲೇ ನಿಂತುಬಿಡುವುದು ನಮಗೇನು ಹೊಸತೇ?

‘ಅರಮನೆಯಲ್ಲಿದ್ದವರಿಗೆ ಏನು ಕಡಿಮೆಯಾಗಿತ್ತು?’ ಎಂದು ಕೇಳುವವರಿದ್ದಾರೆ. ಸುಲ್ತಾನ್ ಸಯ್ಯಿದ್ ಸಯೀದನ ಮಗಳು ಸಲ್ಮೆಯನ್ನು ನೋಡಿ. 1844ರಲ್ಲಿ ಹುಟ್ಟಿದ ರಾಜಕುಮಾರಿ. ತಾಯಿ ಸರ್ಕೇಸಿಯಾದವಳು, ಚಿಕ್ಕಂದಿನಲ್ಲೇ ಹೆತ್ತವರಿಂದ ಅಗಲಿ ಮಾರಾಟವಾಗಿ ಬಂದವಳು. ಹೆಣ್ಣುಮಕ್ಕಳಿಗೆ ಓದು ಕಲಿಸುತ್ತಿದ್ದರು, ಬರೆಯಲು ಕಲಿಸುತ್ತಿರಲಿಲ್ಲ. ಸಲ್ಮೆ ಕದ್ದುಮುಚ್ಚಿ ಬರೆಯಲು ಕಲಿತಳು. ಮುಂದೆ ದೇಶ ಬಿಟ್ಟು ಜರ್ಮನಿಯವನನ್ನು ಮದುವೆಯಾಗಿ, 1886ರಲ್ಲಿ ತನ್ನ ನೆನಪುಗಳನ್ನು ಜರ್ಮನ್ ಭಾಷೆಯಲ್ಲಿ ಪುಸ್ತಕ ಮಾಡಿದಳು. ಆ ಅಂತಃಪುರದ ಬದುಕು ಒಳಗಿನವಳ ಮಾತಿನಲ್ಲೇ ನಮಗೆ ಸಿಕ್ಕಿದ್ದು ಆ ಕದ್ದು ಕಲಿತ ಅಕ್ಷರದಿಂದ. ಬರೆಯಲು ಬಾರದೆ ಹೋದ ಉಳಿದವರ ಕಥೆ ಎಲ್ಲಿದೆ?

ಬಾಗಿಲು ನೋಡಬೇಡಿ ಎನ್ನುವುದಿಲ್ಲ. ಗೈಡು ಅದರ ವಯಸ್ಸು, ಮರದ ಜಾತಿ ಹೇಳಿ ಮುಗಿಸಿದ ಮೇಲೆ, ಈ ಮನೆಯಲ್ಲಿ ಎಷ್ಟು ಹೆಂಗಸರಿದ್ದರು, ಅವರಲ್ಲಿ ದುಡ್ಡು ಕೊಟ್ಟು ತಂದವರೆಷ್ಟು ಎಂದು ಒಮ್ಮೆ ಕೇಳಿ. ಉತ್ತರ ಸಿಗದಿರಬಹುದು. ಆದರೂ ಕೇಳಿ. ಕೇಳುವವರಿದ್ದರೆ ತಾನೇ ಹೇಳುವವರು ಹುಟ್ಟುವುದು?